ಆಕಾಶದಲ್ಲೂ ಘಾಟಿಗಳಿವೆ



ಚಾಳೀಸಗಾಂವ್‌ನಿಂದ ಸಂಭಾಜಿನಗರಕ್ಕೆ ಬರುವ ದಾರಿಯಲ್ಲಿ ‘ಕನ್ನಡ’ ಎಂಬ ಊರೇ ಇದೆ. ಆ ಊರಿನ ಘಾಟಿಯಲ್ಲಿ ಬಸ್ಸು ತಿರುಗುವಾಗ ಹೊಟ್ಟೆ ತೊಳಸಿದ ಅನುಭವ ನಿಮ್ಮಲ್ಲಿ ಹಲವರಿಗೆ ಆಗಿರಬಹುದು. ವಿಮಾನ ನಡೆಸಲು ಕಲಿಯುವವರಿಗೂ ಇದೇ ತೊಂದರೆ ಕಾಡುತ್ತದೆ.

ವಿಮಾನದ ಕನಸು ನಮ್ಮ ಈ ಭಾಗಕ್ಕೆ ಹೊಸದಲ್ಲ. ಎನ್.ಡಿ.ಎ. ಪರೀಕ್ಷೆಗೆ ಹುಡುಗರನ್ನು ಸಿದ್ಧಗೊಳಿಸುವ ಸರಕಾರಿ ಸಂಸ್ಥೆ ಸಂಭಾಜಿನಗರದಲ್ಲಿ 1977ರಿಂದ ಇದೆ. ನಾಸಿಕದ ಗಾಂಧಿನಗರದಲ್ಲಿ ಭೂಸೇನೆಯ ಹೆಲಿಕಾಪ್ಟರ್ ಪೈಲಟ್‌ಗಳು ತರಬೇತಿ ಪಡೆಯುತ್ತಾರೆ. ಬೆಂಗಳೂರಿನಲ್ಲಿ ರೂಪುಗೊಂಡ ಎಚ್‌ಟಿಟಿ-40 ತರಬೇತಿ ವಿಮಾನದ ಎರಡನೆಯ ಉತ್ಪಾದನಾ ಘಟಕ 2025ರ ಅಕ್ಟೋಬರ್‌ನಲ್ಲಿ ನಾಸಿಕದ ಎಚ್.ಎ.ಎಲ್.ನಲ್ಲಿ ಉದ್ಘಾಟನೆಯಾಯಿತು. ನಾಳೆ ನಿಮ್ಮಲ್ಲೊಬ್ಬರು ಅದರಲ್ಲಿ ಕೂರಬಹುದು. ಮೊದಲ ಹಾರಾಟದಲ್ಲೇ ವಾಂತಿಯಾದರೆ? ‘ಇದು ನನ್ನಿಂದಾಗದು’ ಎಂದು ಮರಳಿಬಿಡಬೇಕೆ?

ಖಂಡಿತ ಬೇಡ. ಇದು ಹೇಡಿತನವೂ ಅಲ್ಲ, ರೋಗವೂ ಅಲ್ಲ. ನಮ್ಮ ಒಳಕಿವಿಯಲ್ಲಿ ದ್ರವ ತುಂಬಿದ ಮೂರು ಅರ್ಧವೃತ್ತಾಕಾರದ ನಾಳಗಳಿವೆ. ದೇಹ ತಿರುಗಿದ್ದನ್ನು ಅವು ಮಿದುಳಿಗೆ ತಿಳಿಸುತ್ತವೆ. ಕಣ್ಣು ಒಂದು ಹೇಳಿ, ಕಿವಿ ಇನ್ನೊಂದು ಹೇಳಿದಾಗ ಮಿದುಳು ಗೊಂದಲಕ್ಕೊಳಗಾಗುತ್ತದೆ, ಓಕರಿಕೆ ಬರುತ್ತದೆ. ಒಳಕಿವಿಯ ಈ ಭಾಗ ಪೂರ್ತಿ ಕೆಟ್ಟವರಿಗೆ ಈ ತೊಂದರೆಯೇ ಇಲ್ಲ. ಅಂದರೆ ವಾಂತಿ ಬರುವುದು ಕಿವಿ ಚೆನ್ನಾಗಿ ಕೆಲಸ ಮಾಡುತ್ತಿರುವುದರ ಗುರುತು!

ಹಾಗಾದರೆ ಮಾಡಬೇಕಾದುದೇನು? ಹಿಂದಿನ ರಾತ್ರಿ ಚೆನ್ನಾಗಿ ನಿದ್ರಿಸಿ. ಬರಿ ಹೊಟ್ಟೆಯೂ ಬೇಡ, ಭರ್ಜರಿ ಊಟವೂ ಬೇಡ. ಎರಡು ಇಡ್ಲಿ ಸಾಕು. ಬಿಸಿಲೇರಿದ ಮೇಲೆ ದಖ್ಖನಿನ ಗಾಳಿ ವಿಮಾನವನ್ನು ಕುಲುಕುತ್ತದೆ. ಮೊದಮೊದಲು ಬೆಳಗಿನ ಹಾರಾಟವೇ ಹಿತ. ತಲೆ ಬಗ್ಗಿಸಿ ನಕ್ಷೆ ನೋಡುತ್ತಾ ಕೂರದೆ ದೂರದ ದಿಗಂತ ನೋಡಿ. ತಂಪು ಗಾಳಿ ಮುಖಕ್ಕೆ ಬೀಳಲಿ. ಸಾಧ್ಯವಾದರೆ ನಿಯಂತ್ರಣ ನಿಮ್ಮ ಕೈಯಲ್ಲಿರಲಿ: ಬಸ್ಸಿನ ಚಾಲಕನಿಗೆ ವಾಂತಿ ಬರುವುದು ಅಪರೂಪ, ಅಲ್ಲವೇ? ಹಾರಾಟಗಳ ನಡುವೆ ದೀರ್ಘ ಬಿಡುವು ಬೇಡ. ಅಭ್ಯಾಸವೇ ದೊಡ್ಡ ಮದ್ದು.

ಎಲ್ಲಕ್ಕಿಂತ ಮುಖ್ಯವಾಗಿ, ಬೋಧಕರಿಂದ ಇದನ್ನು ಮುಚ್ಚಿಡಬೇಡಿ. ಪ್ರಯಾಣದ ಮಾತ್ರೆಯನ್ನು ಗುಟ್ಟಾಗಿ ನುಂಗಿ ವಿಮಾನ ಹತ್ತಲೇಬೇಡಿ. ಅವುಗಳಲ್ಲಿ ಹೆಚ್ಚಿನವು ತೂಕಡಿಕೆ ತರುತ್ತವೆ. ಒಬ್ಬರೇ ಹಾರುವಾಗ ತೂಕಡಿಕೆ ಪ್ರಾಣಕ್ಕೇ ಸಂಚಕಾರ.

ಅಭ್ಯಾಸದಿಂದಲೂ ಹೋಗದಿದ್ದರೆ ಚಿಕಿತ್ಸೆಯಿದೆ. 1957ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆ ಇಂಥ ಶಿಕ್ಷಾರ್ಥಿಗಳಿಗೆ ನೆರವಾಗುತ್ತದೆ. ತಿರುಗುವ ಕುರ್ಚಿಯಲ್ಲಿ ಕೂರಿಸಿ, ತಲೆ ಆಡಿಸಲು ಹೇಳಿ, ವೇಗವನ್ನು ಹಂತಹಂತವಾಗಿ ಏರಿಸಿ ದೇಹವನ್ನು ಪಳಗಿಸುವ ವಿಧಾನವಿದು.

ನಮ್ಮ ಗಗನಯಾತ್ರಿಗಳ ವೈದ್ಯಕೀಯ ಪರೀಕ್ಷೆ ನಡೆದದ್ದೂ ಇದೇ ಸಂಸ್ಥೆಯಲ್ಲಿ. ಅವರಲ್ಲೊಬ್ಬರಾದ ಶುಭಾಂಶು ಶುಕ್ಲಾ 2025ರ ಜೂನ್‌ನಲ್ಲಿ ಬಾಹ್ಯಾಕಾಶ ತಲುಪಿದಾಗ, ಆರಂಭದಲ್ಲಿ ತಮಗೆ ಅಷ್ಟೇನೂ ಹಾಯೆನಿಸಲಿಲ್ಲವೆಂದು ಮುಚ್ಚುಮರೆಯಿಲ್ಲದೆ ಹೇಳಿದರು. ಪಳಗಿದ ಯುದ್ಧವಿಮಾನ ಪೈಲಟ್ಟೇ ಹೀಗೆ ಹೇಳಿಕೊಳ್ಳಬಹುದಾದರೆ ನಿಮಗೇಕೆ ಸಂಕೋಚ?

ಚೀಲವೊಂದು ಜೇಬಿನಲ್ಲಿರಲಿ, ಕಣ್ಣು ದಿಗಂತದ ಮೇಲಿರಲಿ. ಶುಭವಾಗಲಿ!