ಹಳೇ ಟಾಟಾ ಏಸ್ ತಗೊಳ್ಳೋ ಮುಂಚೆ

ಗಾರ್ಡನ್ ಕೆಲಸ ಮಾಡೋ ನನ್ನ ಗೆಳೆಯ ಸೆಕೆಂಡ್ ಹ್ಯಾಂಡ್ ಟಾಟಾ ಏಸ್ ಹುಡುಕ್ತಿದ್ದಾನೆ. ಕೈಲಿರೋದು ಚೀಟಿ ಎತ್ತಿದ ದುಡ್ಡು. ಗಾಡಿ ಕೈಕೊಟ್ರೆ ಕೆಲಸವೂ ನಿಲ್ಲುತ್ತೆ, ಚೀಟಿ ಕಂತೂ ನಿಲ್ಲುತ್ತೆ. ನಾನು ಬಿಕಾಂ ಓದಿದವನು, ಇಂಜಿನ್‌ಗಿಂತ ಮೊದಲು ಕಾಗದ ನೋಡು ಅಂದೆ.

ಆರ್‌ಸಿಯಲ್ಲಿ ಹೈಪೋಥಿಕೇಶನ್ ಅಂತಿದ್ರೆ, ಸಾಲ ಕೊಟ್ಟವರ ಎನ್‌ಒಸಿ ಮತ್ತು ಫಾರಂ 35 ಕೈಗೆ ಬರದೆ ಪೂರ್ತಿ ಹಣ ಕೊಡಬೇಡಿ. ಹಳೇ ಮಾಲೀಕರ ಕಂತು ಬಾಕಿಯಿದ್ರೆ ಗಾಡಿ ಎತ್ಕೊಂಡು ಹೋಗೋದು ನಿಮ್ಮ ಮನೆ ಮುಂದಿನಿಂದ. ಸರಕು ವಾಹನಕ್ಕೆ 8 ವರ್ಷದವರೆಗೆ 2 ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ ಮಾಡಿಸಬೇಕು. 9 ವರ್ಷದ ಗಾಡಿ ಅಗ್ಗ ಅನಿಸಿದ್ರೆ ಈ ಖರ್ಚನ್ನೂ ಕೂಡಿಸಿ ನೋಡಿ.

ಇನ್ನು ಲೋಡು. 40 ಕೆಜಿಯ 20 ಮೂಟೆ ಗೊಬ್ಬರ ಅಂದ್ರೆ 800 ಕೆಜಿ. ಏಸ್‌ನ ಹಲವು ಮಾಡೆಲ್‌ಗಳು ಹೊರೋದು ಮುಕ್ಕಾಲು ಟನ್ ಆಸುಪಾಸು. ಆರ್‌ಸಿಯಲ್ಲಿರೋ ತೂಕ ಓದಿ, ನಿಮ್ಮ ಕೆಲಸಕ್ಕೆ ಹೊಂದುತ್ತಾ ಲೆಕ್ಕ ಹಾಕಿ. ಹಿಂದೆ ಹಾಸಿರೋ ಮ್ಯಾಟ್ ಎತ್ತಿ ತುಕ್ಕು ಹುಡುಕಿ. ಇಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ; ನೀಲಿ ಹೊಗೆ ನಿಲ್ಲದಿದ್ರೆ ಒಳಗೆ ಆಯಿಲ್ ಉರೀತಿದೆ ಅಂತ ಅರ್ಥ.

ಒಪ್ಪಿಗೆಯಾದ್ರೆ ಫಾರಂ 29, 30ಕ್ಕೆ ಸಹಿ ಹಾಕಿಸ್ಕೊಳ್ಳಿ, 14 ದಿನದೊಳಗೆ ಇನ್ಶೂರೆನ್ಸ್ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಿ. ಬಣ್ಣ ಆಮೇಲೆ ಹೊಡಿಸಿದ್ರಾಯ್ತು.