ಹೊಳೆಯೊಳಗಿನ ಇಗರ್ಜಿಗೆ ಯಾರು ದಿಕ್ಕು?

ದೇವಾಪುರದಲ್ಲಿ ಲಿಂಗಸುಗೂರು ಬಸ್ಸು ಹತ್ತಿದವರಿಗೆ ತಿಂಥಣಿ ಸೇತುವೆಯ ಮೇಲೆ ಕಿಟಕಿಯಾಚೆ ಕೃಷ್ಣೆ ಕಾಣುತ್ತಾಳೆ. ಮೇಲೆ ನಾರಾಯಣಪುರದಲ್ಲಿ 1982ರಲ್ಲಿ ಅಣೆಕಟ್ಟು ಮುಗಿಯಿತು. ಕಾಲುವೆ ಬಂತು, ಒಣಭೂಮಿ ಗದ್ದೆಯಾಯಿತು, ಪೇಟೆಯಲ್ಲಿ ನೆಲ್ಲಿನ ವ್ಯಾಪಾರ ಕುದುರಿತು. ಆದರೆ ಆ ನೀರಿನಡಿ ಯಾರ ಮನೆ, ಯಾರ ಗುಡಿ ಹೋಯಿತು ಅಂತ ಅಂಗಡಿ ಕಟ್ಟೆ ಮೇಲೆ ಎಷ್ಟು ಮಂದಿ ಮಾತಾಡ್ತೀವಿ?

ಮುಳುಗಡೆ ಅಂದರೇನು ಅಂತ ಕಣ್ಣಾರೆ ನೋಡಬೇಕಾದರೆ ಹಾಸನದಿಂದ ಸುಮಾರು 20 ಕಿಲೋಮೀಟರು ದೂರದ ಶೆಟ್ಟಿಹಳ್ಳಿಗೆ ಹೋಗಬೇಕು. ನಮ್ಮ ಸೀಮೆಯಲ್ಲೂ ಇಗರ್ಜಿಗೆ ಬರವಿಲ್ಲ. ಮುದಗಲ್ಲಿನದು ಆದಿಲಶಾಹಿ ಕಾಲದ ಕಥೆ. ಅದು ಇನ್ನೊಂದು ದಿನಕ್ಕಿರಲಿ.

ಶೆಟ್ಟಿಹಳ್ಳಿಯ ರೋಸರಿ ಚರ್ಚನ್ನು 1860ರ ಸುಮಾರಿಗೆ ಫ್ರೆಂಚ್ ಪಾದ್ರಿಗಳು ಹೇಮಾವತಿಯ ದಡದಲ್ಲಿ ಕಟ್ಟಿಸಿದರು. ಗೋಥಿಕ್ ಶೈಲಿ. ಅಂದರೆ ಕಮಾನು ದುಂಡಗಿರದೆ ಕೈಮುಗಿದ ಹಾಗೆ ಮೇಲೆ ಮೊನಚು. ದುಂಡು ಕಮಾನು ಪಕ್ಕದ ಗೋಡೆಯನ್ನು ಹೊರಕ್ಕೆ ಜೋರಾಗಿ ನೂಕುತ್ತದೆ; ಮೊನಚು ಕಮಾನು ಭಾರವನ್ನು ಹೆಚ್ಚಾಗಿ ನೆಲಕ್ಕೇ ಇಳಿಸುತ್ತದೆ. ಅದಕ್ಕೇ ಅಷ್ಟು ಎತ್ತರದ ಗೋಡೆ, ಅಷ್ಟುದ್ದದ ಕಿಟಕಿ ಸಾಧ್ಯ. ಗಾರೆಗೆ ಬೆಲ್ಲ, ಮೊಟ್ಟೆ ಹಾಕಿದ್ದರು ಅಂತ ಜನ ಹೇಳುತ್ತಾರೆ. ಇದ್ದರೂ ಇರಬಹುದು, ಆ ಕಾಲದ ಗೌಂಡಿಗಳು ಗಟ್ಟಿಗರು!

1979ರಲ್ಲಿ ಗೊರೂರಿನ ಅಣೆಕಟ್ಟು ಮುಗಿದು ಹಿನ್ನೀರು ನಿಂತಿತು. ಜನ ಎದ್ದು ಹೋದರು, ಪೂಜೆ ನಿಂತಿತು. ಮಾಡು ಎಂದೋ ಹೋಗಿದೆ. ಮಳೆಗಾಲದಲ್ಲಿ ಜಲಾಶಯ ತುಂಬಿದರೆ ಕಂಬ, ಕಮಾನುಗಳ ಮೇಲ್ಭಾಗ ಮಾತ್ರ ನೀರ ಮೇಲೆ ಕಾಣುತ್ತದೆ. ಬೇಸಿಗೆಯಲ್ಲಿ ನೀರಿಳಿದರೆ ಸುತ್ತ ಹುಲ್ಲು, ಒಳಗೆ ಹಕ್ಕಿ.

ಪಟ ಹೊಡೆಯುವವರಿಗೆ ಹಬ್ಬ. ಕಟ್ಟಡಕ್ಕೆ ಮಾತ್ರ ಕಂಟಕ. ಸುಣ್ಣದ ಗಾರೆ ವರ್ಷಕ್ಕೊಮ್ಮೆ ನೆನೆದು, ವರ್ಷಕ್ಕೊಮ್ಮೆ ಒಣಗಿ ಉದುರುತ್ತದೆ. ಸಂದಿನಲ್ಲಿ ಗಿಡ ಬೇರು ಬಿಡುತ್ತದೆ. ಕಟ್ಟಿಕೊಂಡು ನಿಲ್ಲಲು ಮಾಡಿಲ್ಲ, ಗೋಡೆಗಳು ಒಂಟಿ. ಒಂದೊಂದೇ ಭಾಗ ಕುಸಿಯುತ್ತಿದೆ. ನೀರು ನಿಲ್ಲಿಸಿದವರು ಪರಿಹಾರ ಕೊಟ್ಟು ಕೈತೊಳೆದುಕೊಂಡರೆ ಆಯಿತೇ? ನೀರಿಳಿದ ನಾಲ್ಕಾರು ತಿಂಗಳಲ್ಲಿ ಸುಣ್ಣದ ಗಾರೆಯಿಂದಲೇ ಸಂದು ತುಂಬಿ, ಗಿಡ ಕಿತ್ತು, ಉಳಿದ ಕಮಾನಿಗೆ ಆಸರೆ ಕೊಡುವುದು ಆಗದ ಕೆಲಸವೇನಲ್ಲ. ಸಿಮೆಂಟು ಮೆತ್ತಿದರೆ ಮಾತ್ರ ಇದ್ದದ್ದೂ ಹೋದೀತು.

ನೋಡಬೇಕೆನ್ನುವವರು ಬೇಸಿಗೆಯಲ್ಲಿ ಹೋಗ್ರಿ. ಗೋಡೆಯ ಬುಡಕ್ಕೆ ಕೂತು ಬುತ್ತಿ ಬಿಚ್ಚಬ್ಯಾಡ್ರಿ, ಕಲ್ಲು ಯಾವಾಗ ಜಾರುತ್ತೋ.