ತರಮಣಿಯ ಟ್ರೈಪಾಡು, ನೊಚ್ಚಿಕುಪ್ಪದ ಮೀನು

ಚೆನ್ನೈನ ತರಮಣಿಯಲ್ಲಿ ಓದು, ಸಂಶೋಧನೆಗೆ ಸೇರಿದ ಕಟ್ಟಡಗಳೇ ಹೆಚ್ಚು. ಎಂ.ಎಸ್. ಸ್ವಾಮಿನಾಥನ್ ಸಂಶೋಧನಾ ಪ್ರತಿಷ್ಠಾನ ಇಲ್ಲಿದೆ. ಹಳೆಯ ತಮಿಳು ಪುಸ್ತಕಗಳನ್ನು ಕಾಪಾಡುತ್ತಿರುವ ರೋಜಾ ಮುತ್ತಯ್ಯ ಗ್ರಂಥಾಲಯ ಇಲ್ಲಿದೆ. ಎರಡನೇ ಮುಖ್ಯರಸ್ತೆಯಲ್ಲಿ ಏಷ್ಯನ್ ಕಾಲೇಜ್ ಆಫ್ ಜರ್ನಲಿಸಂ ಇದೆ. ಪತ್ರಿಕೋದ್ಯಮ ಓದುವ ಹುಡುಗರ ಬಾಯಲ್ಲಿ ಅದು ಬರೀ ‘ಎಸಿಜೆ’. ಈ ಕಾಲೇಜು ಹುಟ್ಟಿದ್ದು ಬೆಂಗಳೂರಿನಲ್ಲಿ ಎಂದರೆ ಇವತ್ತು ಬೆಂಗಳೂರಿನ ಹೊಸ ವರದಿಗಾರರೇ ಹೌದಾ ಎಂದು ಕೇಳುತ್ತಾರೆ.

1994ರಲ್ಲಿ ಇಂಡಿಯನ್ ಎಕ್ಸ್‌ಪ್ರೆಸ್ ಬಳಗ ಇದನ್ನು ಬೆಂಗಳೂರಿನಲ್ಲಿ ಶುರುಮಾಡಿತು. 2000ದಲ್ಲಿ ಮೀಡಿಯಾ ಡೆವಲಪ್‌ಮೆಂಟ್ ಫೌಂಡೇಶನ್ ಎಂಬ ಟ್ರಸ್ಟಿನ ಕೈಗೆ ಬಂದು ಚೆನ್ನೈಗೆ ನಡೆಯಿತು. ಅದರ ಅಧ್ಯಕ್ಷರು ಶಶಿಕುಮಾರ್. ದೂರದರ್ಶನದಲ್ಲಿ ವಾರ್ತೆ ಓದಿದವರು, 1993ರಲ್ಲಿ ಮಲಯಾಳಂನ ಮೊದಲ ಉಪಗ್ರಹ ವಾಹಿನಿ ಏಷ್ಯಾನೆಟ್ ಕಟ್ಟಿದವರು. ‘ದಿ ಹಿಂದೂ’ವಿನ ಎನ್. ರಾಮ್ ಟ್ರಸ್ಟಿಗಳಲ್ಲಿ ಒಬ್ಬರು. 1994 ಎಂದಾಗ ಇನ್ನೊಂದು ನೆನಪಾಗುತ್ತದೆ. ಚೆನ್ನೈನ ಸನ್ ಬಳಗ ಕನ್ನಡದ ಮೊದಲ ಖಾಸಗಿ ಉಪಗ್ರಹ ವಾಹಿನಿ ಉದಯ ಟಿವಿಯನ್ನು ಶುರುಮಾಡಿದ್ದೂ ಅದೇ ವರ್ಷ. ಕನ್ನಡಕ್ಕೆ ವಾಹಿನಿ ಚೆನ್ನೈಯಿಂದ ಬಂತು, ವರದಿಗಾರರನ್ನು ತಯಾರು ಮಾಡುವ ಕಾಲೇಜು ಬೆಂಗಳೂರಿನಿಂದ ಅಲ್ಲಿಗೆ ಹೋಯಿತು.

ಆದರೆ ನಾನು ತರಮಣಿಗೆ ಹೋದದ್ದು ಕಾಲೇಜಿನ ಚರಿತ್ರೆಗಾಗಿ ಅಲ್ಲ. ವೀಡಿಯೊ ಪತ್ರಿಕೋದ್ಯಮ ಕಲಿಯುತ್ತಿರುವ ಉಡುಪಿ ಕಡೆಯ ಒಬ್ಬ ಹುಡುಗಿಯನ್ನು ಕಾಣಲಿಕ್ಕೆ. ಪರಿಚಯದವರೊಬ್ಬರು ಆಕೆ ಮಾಡಿದ ನಾಲ್ಕು ನಿಮಿಷದ ವರದಿಯನ್ನು ನನ್ನ ಫೋನಿಗೆ ಕಳಿಸಿದ್ದರು. ನೋಡಿದ ಮೇಲೆ ಮಾಡಿದವರನ್ನು ನೋಡಲೇಬೇಕು ಅನ್ನಿಸಿತು. ಹೆಸರು ಹಾಕಬೇಡಿ ಎಂದಿದ್ದಾಳೆ. ವರದಿ ಮಾಡುವವರು ವರದಿಯ ಒಳಗೆ ಕೂರಬಾರದು ಎಂದು ಕಲಿಸಿದ್ದಾರಂತೆ, ಅದನ್ನು ಅವಳು ನಂಬುತ್ತಾಳೆ.

ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕಾಲೇಜಿಗೆ ಬಂದಮೇಲೆ ಇಂಗ್ಲಿಷು. ಅಜ್ಜಿ ತಲೆಯ ಮೇಲೆ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರಿದವರು. ಪದವಿ ಮುಗಿಸಿ ಒಂದು ವರ್ಷದ ಡಿಪ್ಲೊಮಾಕ್ಕೆ ಸೇರಿದಳು. ಮೊದಲು ಎಲ್ಲರಿಗೂ ಒಟ್ಟಿಗೆ ವರದಿ, ಬರವಣಿಗೆ, ಎಡಿಟಿಂಗ್ ಪಾಠ. ಆಮೇಲೆ ಮಾಧ್ಯಮಕ್ಕೆ ತಕ್ಕಂತೆ ದಾರಿ ಕವಲೊಡೆಯುತ್ತದೆ. ಇವಳು ಹಿಡಿದದ್ದು ಟಿವಿ. ಕ್ಯಾಮೆರಾ ಕ್ಲಾಸಿನಲ್ಲಿ ಮೊದಲು ಕಲಿತದ್ದೇನು ಎಂದು ಕೇಳಿದೆ.

“ಜೂಮ್ ಮುಟ್ಟಬಾರದು ಮೇಡಂ. ಅದೊಂದೇ. ಮತ್ತೆಲ್ಲ ನಂತರ.”

ಕ್ಯಾಮೆರಾ ಹೊಸದಾಗಿ ಕೈಗೆ ಬಂದವರು ಮೊದಲು ಮಾಡುವ ಕೆಲಸ ಅದನ್ನು ಅತ್ತಿತ್ತ ತಿರುಗಿಸುವುದು. ಎಡದಿಂದ ಬಲಕ್ಕೆ ಒಂದು ಪ್ಯಾನ್, ಮುಖದ ಮೇಲೊಂದು ಜೂಮ್, ಮತ್ತೆ ಹಿಂದಕ್ಕೆ. ಎಡಿಟಿಂಗಿಗೆ ಕೂತಾಗ ಗೊತ್ತಾಗುತ್ತದೆ, ಒಂದು ತುಂಡೂ ಕೆಲಸಕ್ಕೆ ಬರುವುದಿಲ್ಲ. ಓಡುತ್ತಿರುವ ಶಾಟನ್ನು ನಡುವೆ ಕತ್ತರಿಸಿದರೆ ನೋಡುವವರ ಕಣ್ಣು ಮುಗ್ಗರಿಸುತ್ತದೆ. ಅದಕ್ಕೇ ಕ್ಲಾಸಿನ ಕಟ್ಟಪ್ಪಣೆ: ಟ್ರೈಪಾಡ್ ಊರು, ಫ್ರೇಮ್ ಕಟ್ಟು, ರೆಕಾರ್ಡ್ ಒತ್ತು, ಕೈ ತೆಗೆ, ಮನಸ್ಸಿನಲ್ಲೇ ಹತ್ತು ಎಣಿಸು. ಹತ್ತು ಸೆಕೆಂಡು ಎಂದರೆ ಏನು ಮಹಾ ಅನ್ನಿಸಬಹುದು. ಈಗಲೇ ಎಣಿಸಿ ನೋಡಿ. ಐದಕ್ಕೆ ಬರುವಷ್ಟರಲ್ಲಿ ಮನಸ್ಸು ಮುಂದಿನ ಶಾಟಿಗೆ ಹೋಗಿರುತ್ತದೆ. ಆ ಉಳಿದ ಐದು ಸೆಕೆಂಡಿನಲ್ಲೇ ಎಷ್ಟೋ ಸಲ ವಿಷಯ ಬರುತ್ತದೆ. ನಗುತ್ತಿದ್ದವರು ನಗು ನಿಲ್ಲಿಸುತ್ತಾರೆ, ಫ್ರೇಮಿನ ಹೊರಗಿದ್ದ ಮಗು ಒಳಗೆ ಬರುತ್ತದೆ.

ಅದಾದ ಮೇಲೆ ‘ಐದು ಶಾಟ್’ ಪಾಠ. ಯಾವುದಾದರೂ ಒಂದು ಕೆಲಸ ಹಿಡಿ. ಕೈ ಹತ್ತಿರದಿಂದ, ಮುಖ ಹತ್ತಿರದಿಂದ, ಆಳು ಮತ್ತು ಜಾಗ ಒಟ್ಟಿಗೆ ದೂರದಿಂದ, ಭುಜದ ಹಿಂದಿನಿಂದ ಅವರು ನೋಡುತ್ತಿರುವುದು, ಐದನೆಯದು ಯಾರೂ ಊಹಿಸದ ಕೋನದಿಂದ. ಇವಳು ಹಿಡಿದದ್ದು ಟೀ ಅಂಗಡಿಯವರು ಟೀ ಎತ್ತಿ ಹೊಯ್ಯುವುದನ್ನು. ರಾತ್ರಿ ಟ್ಯೂಬ್‌ಲೈಟಿನ ಕೆಳಗೆ ತೆಗೆದ ಶಾಟುಗಳಲ್ಲಿ ಅಡ್ಡ ಪಟ್ಟೆಗಳು ಏಳುತ್ತಿದ್ದವು. ನಮ್ಮ ಕರೆಂಟು 50 ಹರ್ಟ್ಜ್‌ನದು, ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಕಣ್ಣಿಗೆ ಕಾಣದು, ಕ್ಯಾಮೆರಾಕ್ಕೆ ಕಾಣುತ್ತದೆ. ಸೆಕೆಂಡಿಗೆ 25 ಫ್ರೇಮು, ಶಟರ್ ಸೆಕೆಂಡಿನ 50ರಲ್ಲಿ ಒಂದು ಭಾಗಕ್ಕೆ ಇಟ್ಟರೆ ಪಟ್ಟೆ ಮಾಯ. ಇಷ್ಟು ಸಣ್ಣ ಸಂಗತಿ ಗೊತ್ತಿಲ್ಲದೆ ನಮ್ಮ ಜಿಲ್ಲಾ ವರದಿಗಾರರು ಕಳಿಸುವ ಎಷ್ಟು ಆಸ್ಪತ್ರೆಯ ದೃಶ್ಯಗಳು ಟಿವಿಯಲ್ಲಿ ಪಟ್ಟೆ ಹೊಡೆಯುತ್ತವೆ! ತಪ್ಪು ಅವರದಲ್ಲ. ಅವರನ್ನು ಕೂರಿಸಿಕೊಂಡು ಯಾರೂ ಹೇಳಿಕೊಟ್ಟಿಲ್ಲ.

ವೈಟ್ ಬ್ಯಾಲೆನ್ಸ್, ಹೆಡ್‌ರೂಮ್, ಲೈನ್ ದಾಟಬಾರದೆಂಬ ನಿಯಮ, ಇವನ್ನೆಲ್ಲ ಅವಳು ಪಟಪಟ ಹೇಳಿದಳು. ನನಗೆ ಹಿಡಿಸಿದ್ದು ಶಬ್ದದ ಪಾಠ. ಎಲ್ಲಿ ಶೂಟ್ ಮಾಡಿದರೂ ಹೊರಡುವ ಮುಂಚೆ ಅರ್ಧ ನಿಮಿಷ ಯಾರೂ ಮಾತಾಡದೆ ಆ ಜಾಗದ ಸದ್ದನ್ನು ಮಾತ್ರ ರೆಕಾರ್ಡ್ ಮಾಡಿಕೊಳ್ಳಬೇಕು. ಫ್ಯಾನಿನ ಸದ್ದು, ದೂರದ ಬಸ್ಸು, ಕಾಗೆ. ಎಡಿಟಿಂಗಿನಲ್ಲಿ ಎರಡು ಬೈಟುಗಳ, ಅಂದರೆ ಸಂದರ್ಶನದ ಮಾತಿನ ತುಣುಕುಗಳ, ನಡುವಿನ ಸಂದನ್ನು ಮುಚ್ಚುವುದು ಅದರಿಂದಲೇ. ಚಿತ್ರ ಸ್ವಲ್ಪ ಮಂಜಾಗಿದ್ದರೂ ಜನ ನೋಡುತ್ತಾರೆ. ಮಾತು ಕೇಳಿಸದಿದ್ದರೆ ಚಾನೆಲ್ ಬದಲಾಯಿಸುತ್ತಾರೆ. ಕಿವಿಗೆ ಹೆಡ್‌ಫೋನ್ ಹಾಕದೆ ಸಂದರ್ಶನಕ್ಕೆ ಕೂರುವುದು ಕ್ಲಾಸಿನಲ್ಲಿ ದೊಡ್ಡ ಅಪರಾಧವಂತೆ.

ಇನ್ನು ಆ ನಾಲ್ಕು ನಿಮಿಷದ ವರದಿ.

ಮರೀನಾದ ಲೈಟ್‌ಹೌಸಿನಿಂದ ಪಟ್ಟಿನಪಾಕ್ಕಂ ಕಡೆಗೆ ಕಡಲ ದಂಡೆಯಲ್ಲೇ ಹೋಗುವುದು ಲೂಪ್ ರೋಡ್. ಅದರ ಪಕ್ಕದ ಮೀನುಗಾರರ ಕೇರಿ ನೊಚ್ಚಿಕುಪ್ಪಂ. ಹೆಂಗಸರು ಎಷ್ಟೋ ಕಾಲದಿಂದ ರಸ್ತೆಬದಿಯಲ್ಲೇ ಕೂತು ಮೀನು ಮಾರಿದವರು. ವಾಹನಗಳಿಗೆ ಅಡ್ಡಿ ಎಂದು ಮದ್ರಾಸ್ ಹೈಕೋರ್ಟ್ ವಿಷಯ ಕೈಗೆತ್ತಿಕೊಂಡ ಮೇಲೆ 2023ರ ಏಪ್ರಿಲಿನಲ್ಲಿ ಪಾಲಿಕೆಯವರು ಅಂಗಡಿಗಳನ್ನು ತೆಗೆಸಿದರು. ಮೀನುಗಾರರು ರಸ್ತೆಗಿಳಿದು ಪ್ರತಿಭಟಿಸಿದರು, ಪೇಪರುಗಳಲ್ಲಿ ಬಂತು. 2024ರಲ್ಲಿ ಅಲ್ಲೇ ಹೊಸ ಮಾರುಕಟ್ಟೆ ಕಟ್ಟಡ ತೆರೆಯಿತು. ಗಲಾಟೆ ಮುಗಿದ ಮೇಲೆ ಕ್ಯಾಮೆರಾಗಳು ಹೋದವು. ಇವಳು ಹೋದದ್ದು ಆಮೇಲೆ. ರಸ್ತೆಯಿಂದ ಎದ್ದು ಚಾವಣಿಯ ಕೆಳಗೆ ಬಂದು ಕೂತವರು ಈಗ ಹೇಗಿದ್ದಾರೆ ಎಂದು ಕೇಳಲಿಕ್ಕೆ.

ತರಮಣಿಯಿಂದ ಲೈಟ್‌ಹೌಸ್ ಸ್ಟೇಷನ್ನಿಗೆ ಊರವರು ‘ಪರಕ್ಕುಂ ರೈಲು’ ಎನ್ನುವ ಎಂಆರ್‌ಟಿಎಸ್ ಗಾಡಿ ಇದೆ. ಸಹಪಾಠಿಯೊಬ್ಬಳನ್ನು ಜತೆ ಮಾಡಿಕೊಂಡು, ಟ್ರೈಪಾಡ್ ಹೆಗಲಿಗೆ ಹಾಕಿಕೊಂಡು ಹೋದಳು. ಮಾರುವ ಹೆಂಗಸರು ಯಾರೂ ಮಾತಾಡಲು ತಯಾರಿರಲಿಲ್ಲ. ಟಿವಿಯವರು ಬಂದರು, ತೆಗೆದುಕೊಂಡರು, ಹೋದರು, ನಮಗೇನಾಯಿತು ಎಂಬ ಮಾತು. ನ್ಯಾಯವೇ. ಅರ್ಧಂಬರ್ಧ ತಮಿಳಿನಲ್ಲಿ ಎಷ್ಟು ಹೊತ್ತು ಗೋಗರೆಯಲಿಕ್ಕಾಗುತ್ತದೆ? ಇವಳು ಕ್ಯಾಮೆರಾ ಬ್ಯಾಗಿಗೆ ಹಾಕಿ ಒಬ್ಬ ಅಕ್ಕನ ಎದುರು ಕುಕ್ಕರುಗಾಲಿನಲ್ಲಿ ಕೂತಳು. ಆ ಅಕ್ಕ ನೆತ್ತಿಲಿ ಎಂಬ ಬೆರಳುದ್ದದ ಮೀನನ್ನು ಶುಚಿ ಮಾಡುತ್ತಿದ್ದರು. ಇವಳು ಒಂದನ್ನು ಎತ್ತಿಕೊಂಡು, ಹೆಬ್ಬೆರಳ ಉಗುರಿನಿಂದ ತಲೆ ಚಿವುಟಿ, ಅದರ ಜತೆಗೇ ಕರುಳು ಒಂದೇ ಎಳೆತಕ್ಕೆ ಬರುವ ಹಾಗೆ ಎಳೆದಳು. ಅಜ್ಜಿ ಕಲಿಸಿದ್ದು. ಅಕ್ಕ ಕೈ ನಿಲ್ಲಿಸಿ ನೋಡಿದರು. ಯಾವೂರು ಎಂದು ಕೇಳಿದರು. ಆಮೇಲೆ ಒಂದು ರಾಶಿಯನ್ನು ಇವಳ ಮುಂದಕ್ಕೆ ತಳ್ಳಿದರು.

ಅಷ್ಟೂ ಮೀನು ಮುಗಿಯುವವರೆಗೆ ಇಬ್ಬರೂ ಮಾತಾಡಿದರು. ಅಂಜಲಿನ ಕಿವಿರು ನೋಡಿ ಹೊಸತೋ ಹಳತೋ ಹೇಳುವುದು, ಮಂಜುಗಡ್ಡೆಯ ರೇಟು, ಮಕ್ಕಳ ಓದು. ನಡುವೆ ಆ ಅಕ್ಕ ಒಂದು ಮಾತು ಹೇಳಿದರು. ರಸ್ತೆಯಲ್ಲಿದ್ದಾಗ ಕಡಲು ಬೆನ್ನಿಗೇ ಇತ್ತು, ದೋಣಿ ಬಂದರೆ ಇಂಜಿನ್ ಸದ್ದಿನಲ್ಲೇ ಯಾರದೆಂದು ತಿಳಿಯುತ್ತಿತ್ತು, ಇಲ್ಲಿ ಬೆನ್ನಿಗೆ ಗೋಡೆ. ಮಳೆ ಬಿಸಿಲಿಲ್ಲ, ನೀರಿದೆ, ಎಲ್ಲ ಸರಿ, ಆದರೆ ಗೋಡೆ.

ಇಡೀ ವಿಷಯ ಆ ಒಂದು ಮಾತಿನಲ್ಲಿತ್ತು. ಕ್ಯಾಮೆರಾ ಬ್ಯಾಗಿನಲ್ಲಿತ್ತು.

“ಇನ್ನೊಮ್ಮೆ ಹೇಳಿ ಅಂತ ಕೇಳಬಹುದಿತ್ತಲ್ಲ?” ಎಂದೆ.

“ಹಾಗೆ ಕೇಳ್ಲಿಕ್ಕಿಲ್ಲ ಮೇಡಂ. ಕೇಳಿದ್ರೆ ಅವರು ಹೇಳ್ತಾರೆ. ಆದ್ರೆ ಅದು ನನಗೋಸ್ಕರ ಹೇಳಿದ್ದಾಗ್ತದೆ.”

ಇದನ್ನು ಕಲಿಸಿದ ಮೇಷ್ಟರು ಯಾರೇ ಇರಲಿ, ಅವರಿಗೆ ನನ್ನ ನಮಸ್ಕಾರ. ನಡೆದದ್ದನ್ನು ತೆಗೆಯಬೇಕು, ನಡೆಸಿ ತೆಗೆಯಬಾರದು ಎಂಬುದು ಪುಸ್ತಕದಲ್ಲಿ ಒಂದು ಸಾಲು. ಕಡತದಲ್ಲಿ ಬೈಟ್ ಇಲ್ಲ, ಒಪ್ಪಿಸುವ ದಿನ ಹತ್ತಿರ ಬರುತ್ತಿದೆ ಎನ್ನುವಾಗ ಆ ಸಾಲನ್ನು ಪಾಲಿಸುವುದು ಬೇರೆ ಮಾತು. ನಮ್ಮ ವಾಹಿನಿಗಳಲ್ಲಿ ಅತ್ತವರನ್ನು ಇನ್ನೊಮ್ಮೆ ಅಳಿಸಿದ್ದನ್ನು ನೋಡಿದವಳು ನಾನು.

ಅವಳು ಮತ್ತೆ ಹೋದಳು. ಬೆಳಕು ಹರಿಯುವ ಮುಂಚೆ. ಈ ಸಲ ಅಕ್ಕನನ್ನು ಕೇಳಿ, ಒಪ್ಪಿಸಿ, ಟ್ರೈಪಾಡ್ ಊರಿದಳು. ಅಕ್ಕ ಆ ಮಾತು ಆಡಲಿಲ್ಲ. ಬೆಲೆಯ ಬಗ್ಗೆ ಆಡಿದರು, ಗಿರಾಕಿಗಳ ಬಗ್ಗೆ ಆಡಿದರು. ಆಮೇಲೆ ಮೈಕು ಬಿಚ್ಚಿಕೊಟ್ಟು ಕೆಲಸಕ್ಕೆ ಕೂತರು. ಇವಳು ಕೈಯ ಶಾಟ್ ತೆಗೆದಳು, ಮುಖದ್ದು ತೆಗೆದಳು, ದೂರದಿಂದ ಒಂದು ಇಟ್ಟು ಎಣಿಸತೊಡಗಿದಳು. ಏಳೋ ಎಂಟೋ ಎನ್ನುವಾಗ ಹೊರಗೆಲ್ಲೋ ದೋಣಿಯ ಇಂಜಿನ್ ಸದ್ದಾಯಿತು. ಅಕ್ಕನ ಕೈ ಮೀನು ಕತ್ತರಿಸುತ್ತಲೇ ಇದೆ. ತಲೆ ಮಾತ್ರ ಹಿಂದಕ್ಕೆ, ಗೋಡೆಯ ಕಡೆಗೆ ತಿರುಗಿತು. ಒಂದು ಗಳಿಗೆ. ಮತ್ತೆ ಮುಂದಕ್ಕೆ.

ಎಡಿಟಿಂಗ್ ರೂಮಿನಲ್ಲಿ ಆ ಶಾಟ್ ನೋಡಿದ ಮೇಷ್ಟರು ಕೊಟ್ಟ ಸಲಹೆ ಒಂದೇ: ಇದರ ಮೇಲೆ ವಾಯ್ಸ್‌ಓವರ್ ಹಾಕಬೇಡ.

ಬರೀ ಕ್ಯಾಮೆರಾ ಕಲಿಸಿದರೆ ಇಂಥ ವರದಿ ಬರುವುದಿಲ್ಲ. ಎಸಿಜೆಯಲ್ಲಿ ‘ಕವರಿಂಗ್ ಡಿಪ್ರಿವೇಶನ್’ ಎಂಬ ಹೆಸರಾಂತ ಪಾಠವೊಂದಿದೆ. ಬಡತನ, ಜಾತಿ, ಹಸಿವು, ಭೂಮಿಯ ಪ್ರಶ್ನೆಗಳನ್ನು ಓದಿಕೊಂಡು ವಿದ್ಯಾರ್ಥಿಗಳು ಹಳ್ಳಿಗಳಿಗೆ ಹೋಗಿ ವರದಿ ಮಾಡಿ ಬರಬೇಕು. ಪಿ. ಸಾಯಿನಾಥ್ ಅಂಥವರು ಇಲ್ಲಿ ಪಾಠ ಮಾಡಿದ್ದಾರೆ. ದಲಿತ, ಆದಿವಾಸಿ ವಿದ್ಯಾರ್ಥಿಗಳಿಗೆ ವಿದ್ಯಾರ್ಥಿವೇತನವಿದೆ. ಉಳಿದವರಿಗೆ ಫೀಸು ಲಕ್ಷಗಳ ಲೆಕ್ಕದಲ್ಲಿ. ಕಲಿಕೆಯ ಭಾಷೆ ಇಂಗ್ಲಿಷು. ಈ ಎರಡು ಬಾಗಿಲು ದಾಟಲಾರದ ಹುಡುಗ ಹುಡುಗಿಯರು ನಮ್ಮ ಸಿಂಧನೂರು, ಚಾಮರಾಜನಗರಗಳಲ್ಲಿ ಎಷ್ಟಿಲ್ಲ?

ಅವಳ ನಾಲ್ಕು ನಿಮಿಷಕ್ಕೆ ಎರಡು ಪಾಠಾಂತರಗಳಿವೆ. ಒಂದು ಇಂಗ್ಲಿಷಿನದು, ಕ್ಲಾಸಿಗೆ. ಇನ್ನೊಂದು ಕನ್ನಡದ್ದು, ಅಮ್ಮನಿಗೆ. ಇಂಗ್ಲಿಷಿನಲ್ಲಿ ಸೆಕೆಂಡಿಗೆ ಮೂರು ಪದ ಎಂಬ ಲೆಕ್ಕವಿಟ್ಟು ಸ್ಕ್ರಿಪ್ಟ್ ಬರೆಯುತ್ತಾರೆ. ಕನ್ನಡಕ್ಕೆ ಆ ಲೆಕ್ಕ ಒಗ್ಗಲಿಲ್ಲ, ನಮ್ಮ ಪದಗಳು ಉದ್ದ. ಬರೆದು, ಫೋನಿನ ಸ್ಟಾಪ್‌ವಾಚ್ ಇಟ್ಟು ಗಟ್ಟಿಯಾಗಿ ಓದಿ, ಹೊಡೆದುಹಾಕಿ, ಮತ್ತೆ ಬರೆದು ತನ್ನದೇ ಒಂದು ಅಳತೆ ಮಾಡಿಕೊಂಡಿದ್ದಾಳೆ. ‘ಮಾಡಲಾಯಿತು’, ‘ನಡೆಸಲಾಯಿತು’ಗಳನ್ನೆಲ್ಲ ಕಿತ್ತುಹಾಕಿದ್ದಾಳೆ. ಚಿತ್ರದಲ್ಲಿ ಕಾಣುವುದನ್ನು ಬಾಯಲ್ಲಿ ಹೇಳಿಲ್ಲ. ಕನ್ನಡದ ಪಾಠಾಂತರವೇ ಹೆಚ್ಚು ಚೆನ್ನಾಗಿದೆ. ಕನ್ನಡದವಳೆಂದು ಹೇಳುತ್ತಿಲ್ಲ, ಎರಡನ್ನೂ ಒಂದರ ಹಿಂದೊಂದು ನೋಡಿ ಹೇಳುತ್ತಿದ್ದೇನೆ. ಆದರೆ ಅದನ್ನು ತಿದ್ದಿಕೊಟ್ಟವರು ಯಾರೂ ಇಲ್ಲ, ಅದಕ್ಕೆ ಅಂಕವೂ ಇಲ್ಲ.

ನಮ್ಮಲ್ಲಿ ಕಲಿಸುವ ಪರಂಪರೆ ಇರಲಿಲ್ಲವೆಂದಲ್ಲ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ನಾಡಿಗ ಕೃಷ್ಣಮೂರ್ತಿಯವರು 1951ರಲ್ಲೇ ಪತ್ರಿಕೋದ್ಯಮದ ಪಾಠ ಶುರುಮಾಡಿದರು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಸ್ವಾತಂತ್ರ್ಯಕ್ಕೂ ಮುಂಚೆಯೇ ಸಿನಿಮಾ ಛಾಯಾಗ್ರಹಣ ಹೇಳಿಕೊಡುತ್ತಿದ್ದರು. ಅಲ್ಲಿಂದ 1946ರಲ್ಲಿ ಡಿಪ್ಲೊಮಾ ಪಡೆದು ಹೊರಬಂದ ಮೈಸೂರಿನ ವಿ.ಕೆ. ಮೂರ್ತಿ ಗುರುದತ್ತರ ‘ಪ್ಯಾಸಾ’, ‘ಕಾಗಜ್ ಕೆ ಫೂಲ್’ಗಳ ಬೆಳಕನ್ನು ಕಟ್ಟಿದರು, ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರಾದರು. ಗೋವಿಂದ ನಿಹಲಾನಿ ಕ್ಯಾಮೆರಾ ಕಲಿತದ್ದೂ ಅಲ್ಲೇ. ಒಂದು ಕಡೆ ಅಕ್ಷರ, ಒಂದು ಕಡೆ ಬೆಳಕು, ಎರಡೂ ಇದ್ದ ನಾಡು ನಮ್ಮದು. ಇಷ್ಟೊಂದು ಕನ್ನಡ ಸುದ್ದಿವಾಹಿನಿಗಳು ಬಂದ ಮೇಲೂ ಈ ಎರಡನ್ನು ಕೂಡಿಸಿ, ಕನ್ನಡದಲ್ಲೇ, ಹಳ್ಳಿಯ ಮಕ್ಕಳ ಕೈಗೆಟಕುವ ಫೀಸಿನಲ್ಲಿ, ಒಂದು ವರ್ಷ ಪೂರ್ತಿ ಕೂರಿಸಿಕೊಂಡು ಕಲಿಸುವ ಮನೆಯೊಂದನ್ನು ವಾಹಿನಿಗಳೋ ಮಾಧ್ಯಮ ಅಕಾಡೆಮಿಯೋ ಯಾಕೆ ಕಟ್ಟಬಾರದು?

ಆ ಹುಡುಗಿ ಓದು ಮುಗಿಯುತ್ತಿದ್ದಂತೆ ಬೆಂಗಳೂರಿಗೆ ಬರುತ್ತಾಳೆ. ಕನ್ನಡದ ಪಾಠಾಂತರವನ್ನು ಯಾರಿಗೆ ತೋರಿಸಲಿ ಎಂದು ಕೇಳಿದಾಗ ಗುರುತಿನ ಒಂದೆರಡು ನಂಬರ್ ಕೊಟ್ಟೆ. ಒಂದು ವಾಹಿನಿಯವರು ನೋಡಿ, ಇಷ್ಟವಾಯಿತು ಎಂದರಂತೆ. ಆದರೆ ಬುಲೆಟಿನ್ನಿನಲ್ಲಿ ಜಾಗ ಇರುವುದು 90 ಸೆಕೆಂಡಿಗೆ, ಅಷ್ಟಕ್ಕೆ ಇಳಿಸಿಕೊಡಲು ಹೇಳಿದ್ದಾರೆ. ಇಳಿಸುತ್ತೇನೆ ಎಂದು ಒಪ್ಪಿದ್ದಾಳೆ. ಅಕ್ಕ ಗೋಡೆಯ ಕಡೆ ತಿರುಗುವ ಶಾಟನ್ನು ಹತ್ತು ಸೆಕೆಂಡೂ ಹಾಗೇ ಇಟ್ಟು, ಉಳಿದ 80 ಸೆಕೆಂಡಿಗೆ ಸ್ಕ್ರಿಪ್ಟ್ ಬರೆಯುತ್ತಿದ್ದಾಳೆ.